ಇಳಿಸುವುದು ಅಂತಾರೆ, ಆದರೆ ಎತ್ತಬೇಕು: ಪಿಕಪ್‌ನ ಡೀಸೆಲ್ ಎಂಜಿನ್ ಮನೆಯಲ್ಲೇ ಹೊರತೆಗೆದ ಅನುಭವ

ಎಂಜಿನ್ ಇಳಿಸುವುದು ಅಂತ ನಾವೆಲ್ಲ ಹೇಳುತ್ತೇವೆ. ಆದರೆ ಪಿಕಪ್‌ನಲ್ಲಿ ಅದು ಇಳಿಯುವುದಿಲ್ಲ, ಏರುತ್ತದೆ. ಮೊದಲು ಮೇಲೆ, ಆಮೇಲೆ ಮುಂದೆ, ಕೊನೆಗೆ ಕೆಳಗೆ. ಮೇಲೆತ್ತುವ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ನಿಜವಾಗಿ ಕಷ್ಟ ಕೊಟ್ಟಿದ್ದು ಆ ‘ಮುಂದೆ’.

ನನ್ನದು ಆರು ಸಿಲಿಂಡರಿನ ಸಾಲು ಎಂಜಿನ್, ಸುಮಾರು ಆರು ಲೀಟರ್. ಬ್ಲಾಕು, ಹೆಡ್ಡು ಎರಡೂ ಬೀಡು. ಆಯಿಲ್, ನೀರು ಎಲ್ಲ ಖಾಲಿ ಮಾಡಿದ ಮೇಲೂ ಹತ್ತಿರ ಹತ್ತಿರ 500 ಕೆಜಿ. ಆಯಿಲ್ ಮುಚ್ಚಳ ತೆಗೆದರೆ ಒಲೆ ಹಚ್ಚಿದ ಹಾಗೆ ಹೊಗೆ ಬರುತ್ತಿತ್ತು. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿಯ ಒತ್ತಡ, ನೋಡಿದಾಗ ಐದು ಸಿಲಿಂಡರ್‌ಗಳಲ್ಲಿ 26 ಬಾರ್ ಆಸುಪಾಸು, ನಾಲ್ಕನೆಯದರಲ್ಲಿ ಬರೀ 17. ಹೆಡ್ ಮಾತ್ರ ಬಿಚ್ಚಿ ಮುಗಿಯುವ ಕೆಲಸ ಅಲ್ಲ ಅಂತ ಅವತ್ತೇ ಗೊತ್ತಾಯಿತು.

ಶುರುಮಾಡುವ ಮುಂಚೆ ಎರಡು ಸಂಜೆ ಸುಮ್ನೆ ಅಳತೆ ತೆಗೆದುಕೊಳ್ಳುವುದರಲ್ಲೇ ಕಳೆದೆ. ನೋಡಿದವರಿಗೆ ಕೆಲಸಗಳ್ಳತನ ಅನ್ನಿಸಬಹುದು, ಆದರೆ ನನ್ನನ್ನು ಉಳಿಸಿದ್ದು ಅದೇ. ನನ್ನ ಹತ್ತಿರ ಇದ್ದದ್ದು ಮಡಚುವ ಎಂಜಿನ್ ಕ್ರೇನ್. ಅದರ ಮೇಲೆ ದಪ್ಪ ಅಕ್ಷರದಲ್ಲಿ 2 ಟನ್ ಅಂತ ಬರೆದಿದೆ. 500 ಕೆಜಿಗೆ 2 ಟನ್ ಕ್ರೇನ್, ಇನ್ನೇನು ಬೇಕು ಅಲ್ವಾ? ಆದರೆ ಆ 2 ಟನ್ ತೋಳನ್ನು ಪೂರ್ತಿ ಒಳಗೆ ತಳ್ಳಿದಾಗಿನ ಲೆಕ್ಕ. ತೋಳಿನಲ್ಲಿ ನಾಲ್ಕು ತೂತು ಇವೆ. ಒಂದೊಂದು ತೂತು ಹೊರಗೆ ಎಳೆದಂತೆ ಒಂದೂವರೆ, ಒಂದು, ಕೊನೆಯ ತೂತಿನಲ್ಲಿ ಬರೀ ಅರ್ಧ ಟನ್. ಬಂಪರಿನ ಮುಂದೆ ಕ್ರೇನ್ ನಿಲ್ಲಿಸಿ, ಕೊಕ್ಕೆ ಎಂಜಿನ್ನಿನ ನಡುವಿಗೆ ಬರಬೇಕಾದರೆ ತೋಳು ಕೊನೆಯ ತೂತಿಗೇ ಹೋಗಬೇಕಿತ್ತು. ಅಂದರೆ ಅರ್ಧ ಟನ್ ಎಂಜಿನ್ನು, ಅರ್ಧ ಟನ್ ಕ್ರೇನು. ಒಂದು ಕೆಜಿಯೂ ಮಿಗುವುದಿಲ್ಲ. ಅದಕ್ಕೆ ನಾನು ಒಪ್ಪಲಿಲ್ಲ.

ದಾರಿ ಎರಡೇ. ಎಂಜಿನ್ ಹಗುರ ಮಾಡಬೇಕು, ಇಲ್ಲ ಕ್ರೇನ್ ಹತ್ತಿರ ತರಬೇಕು. ಎರಡನ್ನೂ ಮಾಡಿದೆ. ಬಾನೆಟ್ ಹೇಗಿದ್ದರೂ ತೆಗೆಯಲೇಬೇಕು. ಅದರ ಜೊತೆ ಬಂಪರು, ಗ್ರಿಲ್ಲು, ರೇಡಿಯೇಟರು, ಕೊನೆಗೆ ರೇಡಿಯೇಟರನ್ನು ಹಿಡಿದುಕೊಂಡಿರುವ ಮುಂದಿನ ಅಡ್ಡಪಟ್ಟಿಯನ್ನೂ ಬಿಚ್ಚಿದೆ. ಆ ಪಟ್ಟಿ ಬಿಟ್ಟು ಎಂಜಿನ್ ತೆಗೆದವರು ಬಹಳ ಜನ ಇದ್ದಾರೆ, ನಾನು ಆ ಸಾಹಸ ಬೇಡ ಅಂದೆ. ಅದು ಹೋದರೆ ಲಾಭ ಎರಡು. ಕ್ರೇನಿನ ಕಾಲು ಇನ್ನಷ್ಟು ಒಳಗೆ ಹೋಗುತ್ತದೆ, ನನಗೆ ಒಂದು ತೂತು ಉಳಿಯಿತು, ಅಂದರೆ ಒಂದು ಟನ್ ಸಿಕ್ಕಿತು. ಜೊತೆಗೆ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಆ ಪಟ್ಟಿಯನ್ನು ದಾಟಬೇಕಾದಷ್ಟು ಎತ್ತರಕ್ಕೆ ಎತ್ತುವುದು ತಪ್ಪಿತು. ಪಿಕಪ್ ಮೊದಲೇ ಎತ್ತರದ ಗಾಡಿ. ಮುಂದಿನ ಎರಡು ಚಕ್ರದ ಗಾಳಿಯನ್ನೂ ಇಳಿಸಿದೆ, ಇನ್ನೂ ನಾಲ್ಕು ಬೆರಳು ಸಿಕ್ಕಿತು.

ಬಿಚ್ಚುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲು ಬ್ಯಾಟರಿಯ ಮೈನಸ್. ಆಮೇಲೆ ರೇಡಿಯೇಟರ್ ನೀರು. ಆ ಹಸಿರು ಕೂಲೆಂಟನ್ನು ನೆಲಕ್ಕೆ ಬಿಡಬೇಡಿ, ತೆರೆದ ಬಕೆಟ್‌ನಲ್ಲೂ ಇಡಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ನೆಕ್ಕಿದರೆ ಸಾಯುತ್ತವೆ. ಎಸಿ ಗ್ಯಾಸನ್ನು ನೀವೇ ಬಿಡಲು ಹೋಗಬೇಡಿ. ನಾನು ಕಂಪ್ರೆಸರನ್ನು ಪೈಪು ಸಮೇತ ಬಿಚ್ಚಿ ಪಕ್ಕಕ್ಕೆ ಕಟ್ಟಿದೆ. ಮುಂದಿನ ಕಂಡೆನ್ಸರ್ ಅಡ್ಡ ಬರುತ್ತಿದ್ದರಿಂದ ಗ್ಯಾಸ್ ತೆಗೆಸಲೇಬೇಕೇನೋ ಅಂದುಕೊಂಡಿದ್ದೆ. ಪೈಪಿಗೆ ಅಷ್ಟು ಸಡಿಲ ಇತ್ತು, ನಿಧಾನಕ್ಕೆ ಪಕ್ಕಕ್ಕೆ ಸರಿಯಿತು. ಎಲ್ಲ ಗಾಡಿಯಲ್ಲೂ ಸರಿಯಲಿಕ್ಕಿಲ್ಲ. ಸರಿಯದಿದ್ದರೆ ಗ್ಯಾಸನ್ನು ಮಿಷಿನ್‌ನಲ್ಲಿ ಎಳೆದುಕೊಳ್ಳುವವರ ಹತ್ತಿರ ಮೊದಲೇ ಹೋಗಿಬನ್ನಿ.

ಡೀಸೆಲ್ ಪೈಪುಗಳ ವಿಷಯದಲ್ಲಿ ಮಾತ್ರ ನಾನು ಮಡಿ ಜಾಸ್ತಿ. ಒಂದು ಪೈಪು ಬಿಚ್ಚಿದ ಕೂಡಲೇ ಎರಡೂ ತುದಿಗೆ ಮುಚ್ಚಳ. ಹಳೆಯ ಪಂಪಿನ ಎಂಜಿನ್ನೇ ಆಗಲಿ, ಕಾಮನ್ ರೈಲೇ ಆಗಲಿ, ಒಂದು ಮರಳಿನ ಕಣ ನಾಜಲ್ ಒಳಗೆ ಹೋದರೆ ಮುಗಿಯಿತು. ಟರ್ಬೋ ಬಾಯಿಗೆ ಬಟ್ಟೆ ತುರುಕಿದರೆ ಅದರ ಬಾಲ ಹೊರಗೆ ಕಾಣುವಂತೆ ಬಿಡಿ. ನಾನು ಬಟ್ಟೆಗಳನ್ನು ಎಣಿಸಿ, ಎಷ್ಟು ಅಂತ ಗೋಡೆ ಮೇಲೆ ಬರೆದಿಟ್ಟೆ. ಟರ್ಬೋ, ಸೈಲೆನ್ಸರ್ ಮ್ಯಾನಿಫೋಲ್ಡು, ಡೈನಮೋ, ಸೆಲ್ಫ್ ಮೋಟಾರು ಎಲ್ಲ ಮೊದಲೇ ಕಳಚಿದ್ದರಿಂದ ತೂಕ ಇಳಿಯಿತು, ಬಗಲಲ್ಲಿ ಕೈ ಆಡಿಸಲು ಜಾಗವೂ ಆಯಿತು.

ಅರ್ಧ ದಿನ ತಿಂದಿದ್ದು ಗೇರ್ ಬಾಕ್ಸ್ ಮತ್ತು ಎಂಜಿನ್ ಸೇರುವ ಬೆಲ್ ಹೌಸಿಂಗ್ ಬೋಲ್ಟುಗಳು. ಮೇಲಿನ ಎರಡು ಬೋಲ್ಟು ಕ್ಯಾಬಿನ್ ಗೋಡೆಗೆ ಅಂಟಿಕೊಂಡಂತೆ ಇರುತ್ತವೆ. ಮೇಲಿಂದ ಕೈ ಹೋಗುತ್ತದೆ, ಪಾನಾ ಹೋಗುವುದಿಲ್ಲ. ಗಾಡಿ ಕೆಳಗೆ ಮಲಗಿ, ಗೇರ್ ಬಾಕ್ಸ್ ಬಾಲಕ್ಕೆ ಜಾಕಿ ಕೊಟ್ಟು, ಅದನ್ನು ಹೊತ್ತಿರುವ ಅಡ್ಡ ಬಾರನ್ನು ಬಿಚ್ಚಿ, ಬಾಲವನ್ನು ಸ್ವಲ್ಪ ಕೆಳಗೆ ಬಿಟ್ಟೆ. ಆಗ ಗೇರ್ ಬಾಕ್ಸಿನ ಮೇಲೆ ಒಂದು ಸಂದಿ ತೆರೆಯಿತು. ಮೂರು ಎಕ್ಸ್‌ಟೆನ್ಷನ್ ಸೇರಿಸಿ, ಹತ್ತಿರ ಹತ್ತಿರ ಒಂದು ಮೀಟರ್ ಉದ್ದದ ಸಲಾಕೆ ಮಾಡಿಕೊಂಡು, ಬಾಲದ ಕಡೆಯಿಂದ ಮುಂದಕ್ಕೆ ತೂರಿಸಿದೆ. ಸಾಕೆಟ್ ಬೋಲ್ಟಿನ ತಲೆಗೆ ಕೂತಿತೋ ಇಲ್ಲವೋ ಕಾಣುವುದಿಲ್ಲ, ನನ್ನ ತಮ್ಮ ಮೇಲಿಂದ ಕೈ ಇಳಿಬಿಟ್ಟು ಬೆರಳಲ್ಲಿ ಕೂರಿಸಿಕೊಟ್ಟ. ಆಮೇಲೆ ಅವನು ಕೈ ಹೊರಗೆ ತೆಗೆದು “ತೆಗೆದೆ” ಅಂತ ಹೇಳುವ ತನಕ ನಾನು ತಿರುಗಿಸಲಿಲ್ಲ. ಈ ಬೋಲ್ಟುಗಳ ಉದ್ದ ಒಂದೇ ಸಮ ಇರುವುದಿಲ್ಲ. ರಟ್ಟಿನ ಮೇಲೆ ಬೆಲ್ ಹೌಸಿಂಗ್ ಆಕಾರ ಬರೆದು, ಯಾವ ಜಾಗದ ಬೋಲ್ಟು ಅದೇ ಜಾಗಕ್ಕೆ ಚುಚ್ಚಿಟ್ಟೆ.

ಇನ್ನು ಚೈನು. ಎರಡು ತುದಿಗೆ ಎರಡು ಎತ್ತುವ ಕೊಕ್ಕೆ ಎಂಜಿನ್ನಿಗೇ ಇದ್ದವು. ಒಂದೇ ಗಿಡ್ಡ ಚೈನನ್ನು ಆ ಕೊಕ್ಕೆಯಿಂದ ಈ ಕೊಕ್ಕೆಗೆ ಹಾಕಿ ನಡುವೆ ಎತ್ತಿದರೆ ಎತ್ತರ ಉಳಿಯುತ್ತದೆ ಅಂತ ಮೊದಲು ಅಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ಬಿಟ್ಟೆ. ಚೈನಿನ ಎರಡು ಕಾಲು ನೆಲಮಟ್ಟಕ್ಕೆ 60 ಡಿಗ್ರಿಯಲ್ಲಿ ನಿಂತರೆ ಒಂದೊಂದಕ್ಕೆ ಸುಮಾರು 290 ಕೆಜಿ ಎಳೆತ. ಅದೇ ಚೈನು ಗಿಡ್ಡವಾಗಿ 30 ಡಿಗ್ರಿಗೆ ಮಲಗಿದರೆ ಒಂದೊಂದರ ಮೇಲೂ ಪೂರಾ 500 ಕೆಜಿ. ಎಂಜಿನ್ ಅದೇ, ಚೈನೂ ಅದೇ. ಮೇಲಾಗಿ ಕೊಕ್ಕೆಯನ್ನು ಅಡ್ಡಕ್ಕೆ ಎಳೆಯುತ್ತದೆ, ಅದರ ಬೋಲ್ಟುಗಳಿಗೆ ಆ ಎಳೆತ ಆಗುವುದಿಲ್ಲ. ಹಾಗಾಗಿ ಲೆವೆಲರ್ ಹಾಕಿದೆ. ಉದ್ದ ಬಾರು, ಎರಡು ಕಡೆ ಚೈನು, ಹ್ಯಾಂಡಲ್ ತಿರುಗಿಸಿದರೆ ಎಂಜಿನ್ನಿನ ಮೂತಿ ಏಳುತ್ತದೆ, ಇಳಿಯುತ್ತದೆ. ಅದರ ಮೇಲೆ 680 ಕೆಜಿ ಅಂತ ಬರೆದಿತ್ತು. ಎತ್ತರ ಸ್ವಲ್ಪ ತಿನ್ನುತ್ತದೆ ನಿಜ, ಆದರೆ ಅದಿಲ್ಲದೆ ಗೇರ್ ಬಾಕ್ಸ್ ಬಿಡಿಸಲು ನನ್ನಿಂದ ಆಗುತ್ತಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಎತ್ತಲು ಶುರು. ನಾನು ಜಾಕಿ ಒತ್ತುತ್ತಿದ್ದೆ, ತಮ್ಮ ಬಗ್ಗಿ ಬುಡ ನೋಡುತ್ತಿದ್ದ. ಚೈನು ಬಿಗಿಯಾಯಿತು, ಗಾಡಿಯ ಮೂತಿ ಮೆಲ್ಲಗೆ ಏಳತೊಡಗಿತು. ಇದಕ್ಕೆ ಹೆದರಬೇಕಿಲ್ಲ, ಭಾರ ಇಳಿದಷ್ಟು ಮುಂದಿನ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ. ನಾನು ಒತ್ತುತ್ತಲೇ ಇದ್ದೆ.

“ಅಣ್ಣ, ನಿಲ್ಸು. ಬಲಗಡೆ ಮಾತ್ರ ಏಳ್ತಿದೆ.”

ಬಗ್ಗಿ ನೋಡಿದೆ. ಎಂಜಿನ್ನಿನ ಬಲಗಡೆ, ಅದನ್ನು ಚಾಸಿಗೆ ಹಿಡಿದಿಡುವ ಮೌಂಟ್ ರಬ್ಬರಿನಿಂದ ಎರಡು ಬೆರಳು ಮೇಲೆ ಬಂದಿತ್ತು. ಎಡಗಡೆ ಅಲ್ಲಾಡಿರಲಿಲ್ಲ, ಚಾಸಿಯನ್ನೇ ಎತ್ತಿಕೊಂಡು ಬರುತ್ತಿತ್ತು. ಎಡ ಮೌಂಟಿನ ನಟ್ಟು ಬಿಚ್ಚಿದ್ದೆ, ಬೋಲ್ಟನ್ನು ತಟ್ಟಿ ಹೊರಗೆ ತೆಗೆದಿರಲೇ ಇಲ್ಲ. ಪುಸ್ತಕದಲ್ಲಿ ಮಾತ್ರ “ಮೌಂಟ್ ಎರಡೂ ಆಯಿತು” ಅಂತ ನಾನೇ ಟಿಕ್ ಹಾಕಿದ್ದೆ. ಇನ್ನು ನಾಲ್ಕು ಸಲ ಜಾಕಿ ಒತ್ತಿದ್ದರೆ ಆ ಬೋಲ್ಟು ಮುರಿದು ಇಡೀ ಎಂಜಿನ್ ಬಲಕ್ಕೆ ತೂಗುತ್ತಿತ್ತು. ಭಾರವನ್ನು ಮತ್ತೆ ರಬ್ಬರಿನ ಮೇಲೆ ಕೂರಿಸಿ, ಹಿತ್ತಾಳೆ ಸಲಾಕೆ ಇಟ್ಟು ಎರಡು ಏಟು ಹಾಕಿದಾಗ ಬೋಲ್ಟು ಹೊರಬಂತು. ಅಷ್ಟೇ. ಅದಕ್ಕೇ ಹೇಳಿದ್ದು, ಎರಡೂ ಬದಿ ಸಮ ಏಳುತ್ತಿದೆಯಾ ಅಂತ ನೋಡಲು ಒಬ್ಬರು ಬೇಕೇಬೇಕು. ಒಬ್ಬನೇ ಮಾಡುತ್ತೇನೆ ಅನ್ನುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ಆಮೇಲೆ ಮೌಂಟಿನಿಂದ ಒಂದು ಇಂಚು ಮೇಲೆತ್ತಿ ಹತ್ತು ನಿಮಿಷ ಹಾಗೇ ಬಿಟ್ಟೆವು. ಕ್ರೇನಿನ ಜಾಕಿ ಸೋರುತ್ತಿದ್ದರೆ ಅದು ಗೊತ್ತಾಗುವುದು ಆಗಲೇ.

ಗೇರ್ ಬಾಕ್ಸಿನಿಂದ ಬಿಡಿಸುವಾಗ ಅವಸರ ಮಾಡಿದರೆ ಕ್ಲಚ್ ಪ್ಲೇಟ್ ಕೆಡುತ್ತದೆ. ಗೇರ್ ಬಾಕ್ಸಿನ ಶಾಫ್ಟು ಪ್ಲೇಟಿನ ಹಲ್ಲಿನೊಳಗೆ ಇರುತ್ತದೆ. ಎಂಜಿನ್ನಿನ ಭಾರ ಆ ಶಾಫ್ಟಿನ ಮೇಲೆ ಜೋತುಬಿದ್ದರೆ ಪ್ಲೇಟು ಡೊಂಕಾಗುತ್ತದೆ. ಗೇರ್ ಬಾಕ್ಸಿನ ಮೂತಿಗೂ ಒಂದು ಜಾಕಿ ಕೊಟ್ಟೆ. ಎರಡರ ನಡುವೆ ಸಂದಿ ಕಂಡಿತು, ಮೇಲುಗಡೆ 4 ಮಿಮೀ, ಕೆಳಗೆ 1. ಅಂದರೆ ಎಂಜಿನ್ನಿನ ಮೂತಿ ಬಗ್ಗಿದೆ. ಲೆವೆಲರ್ ಹ್ಯಾಂಡಲನ್ನು ಮೂರು ಸುತ್ತು ತಿರುಗಿಸಿ ಮೂತಿ ಎತ್ತಿದೆ. ಸಂದಿ ಮೇಲೆ ಕೆಳಗೆ ಸಮ ಆದ ಕ್ಷಣ ಎಂಜಿನ್ ತಾನಾಗಿಯೇ ಮುಂದಕ್ಕೆ ಜಾರಿತು, ಒಂದು ಬೆರಳಿನಷ್ಟು. ಆಮೇಲೆ ಕೈಯಲ್ಲಿ ದೂಡಿದರೆ ಸಾಕಾಯಿತು. ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟುವುದನ್ನು ನೋಡಿದ್ದೇನೆ. ಸಂದಿ ಸಮ ಇದ್ದರೆ ಮೀಟುವ ಕೆಲಸವೇ ಇಲ್ಲ.

ಶಾಫ್ಟು ಹೊರಬಂದ ಮೇಲೆ ಎಂಜಿನ್ ಗಾಳಿಯಲ್ಲಿ. ಈಗ ಆ ‘ಮುಂದೆ’. ಕ್ರೇನಿನ ಚಕ್ರಗಳು ಚಿಕ್ಕವು, ಒಂದು ಜಲ್ಲಿ ಕಲ್ಲು ಸಿಕ್ಕರೂ ಗಕ್ಕನೆ ನಿಲ್ಲುತ್ತವೆ. ಕ್ರೇನ್ ನಿಂತರೂ ಅರ್ಧ ಟನ್ ನಿಲ್ಲುವುದಿಲ್ಲ, ತೂಗುತ್ತದೆ. ಆದ್ದರಿಂದ ನಾವು ಕ್ರೇನನ್ನು ಎಳೆಯಲೇ ಇಲ್ಲ. ಅದನ್ನು ನಿಂತಲ್ಲೇ ಬಿಟ್ಟು, ಮುಂದಿನ ಚಕ್ರಕ್ಕೆ ಮತ್ತೆ ಗಾಳಿ ತುಂಬಿಸಿ, ಗೇರ್ ಬಾಕ್ಸಿನ ಮೂತಿಯನ್ನು ಚಾಸಿಗೆ ಅಡ್ಡ ಕೊಟ್ಟ ಸಲಾಕೆಗೆ, ಬಾಲವನ್ನು ಅದರ ಬಾರಿಗೆ ಕಟ್ಟಿ, ಕೆಳಗಿನ ಜಾಕಿಗಳನ್ನು ತೆಗೆದು, ಗಾಡಿಯನ್ನೇ ಹಿಂದಕ್ಕೆ ತಳ್ಳಿದೆವು. ಇಬ್ಬರು ತಳ್ಳಲು, ಒಬ್ಬ ಸ್ಟೇರಿಂಗ್ ಮತ್ತು ಹ್ಯಾಂಡ್ ಬ್ರೇಕಿಗೆ. ಗಾಡಿ ಹಿಂದೆ ಹೋಯಿತು, ಎಂಜಿನ್ ಅಲ್ಲಾಡದೆ ಅಲ್ಲೇ ತೂಗಿಕೊಂಡಿತ್ತು. ನೋಡಲು ವಿಚಿತ್ರ. ಗಾಡಿ ದೂರ ಆದ ಕೂಡಲೇ ಎಂಜಿನ್ನನ್ನು ನೆಲಕ್ಕೆ ಒಂದು ಗೇಣಿನಷ್ಟು ಹತ್ತಿರ ಇಳಿಸಿಟ್ಟೆ, ಎತ್ತರದಲ್ಲಿ ಬಿಟ್ಟು ಟೀ ಕುಡಿಯಲು ಹೋಗುವ ಧೈರ್ಯ ನನಗಿಲ್ಲ. ಇಳಿಸುವ ವಾಲ್ವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ. ಜಾಸ್ತಿ ತಿರುಗಿಸಿದರೆ ಅದು ಇಳಿಯುವುದಿಲ್ಲ, ಬೀಳುತ್ತದೆ.

ಎಂಜಿನ್ ಸ್ಟ್ಯಾಂಡ್ ವಿಷಯದಲ್ಲೂ ಅದೇ ಕಥೆ. ನನ್ನ ಹಳೆಯ ಮೂರು ಚಕ್ರದ ಸ್ಟ್ಯಾಂಡ್ ಮೇಲೆ 450 ಕೆಜಿ ಅಂತ ಬರೆದಿತ್ತು, ಪೆಟ್ರೋಲ್ ಎಂಜಿನ್ನಿಗೆ ಸರಿ. ಇದರಲ್ಲಿ ಎಂಜಿನ್ ಒಂದೇ ಕಡೆಯಿಂದ ಜೋತಾಡುತ್ತದೆ, ಉದ್ದದ ಆರು ಸಿಲಿಂಡರ್ ಬ್ಲಾಕಿಗೆ ಅದನ್ನು ನಂಬಲಾರೆ. ದಪ್ಪ ಮರದ ತುಂಡುಗಳಿಂದ ಒಂದು ಪೀಠ ಮಾಡಿ, ಭಾರ ಆಯಿಲ್ ಚೇಂಬರ್ ಮೇಲೆ ಬೀಳದಂತೆ ಮೌಂಟಿನ ಕಾಲುಗಳ ಮೇಲೆ ಮತ್ತು ಹಿಂದಿನ ಅಂಚಿನ ಮೇಲೆ ಕೂರಿಸಿದೆ. ಚೈನನ್ನು ಸಡಿಲ ಬಿಟ್ಟು, ಕೊಕ್ಕೆ ತೆಗೆಯದೆ, ಸಂಜೆಯೇ ಹೆಡ್ ಬಿಚ್ಚಿದೆವು. ನಾಲ್ಕನೆಯ ಸಿಲಿಂಡರಿನ ಗೋಡೆಯ ಮೇಲೆ ಬೆರಳು ಎಳೆದೆ. ಮೇಲಿಂದ ಕೆಳಗಿನವರೆಗೆ ಒಂದು ಗೀರು, ಉಗುರು ಸಿಕ್ಕಿಕೊಳ್ಳುವಷ್ಟು ಆಳ.