ಚಿತ್ತಾರದ ಬಟ್ಟೆಯಲ್ಲಿ ಸೋಫಾ ಹೊದಿಕೆ: ಕತ್ತರಿ ಹಾಕುವ ಮುನ್ನ

ಸೋಫಾದ ಹಳೆಯ ಹೊದಿಕೆ ತೆಗೆದು ಹೊಸದನ್ನು ಹಾಕುವಾಗ ಸಾದಾ ಬಟ್ಟೆಯಾದರೆ ಅಳತೆ ಸರಿಯಿದ್ದರೆ ಸಾಕು. ದೊಡ್ಡ ಹೂಬಳ್ಳಿ, ಪಟ್ಟೆ ಅಥವಾ ಚೌಕಳಿಯ ಬಟ್ಟೆಯಲ್ಲಿ ಹಾಗಲ್ಲ. ಯಾವ ಹೂವು ಎಲ್ಲಿ ಬೀಳಬೇಕೆಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ, ಆಮೇಲೆ ಎಷ್ಟು ಅಚ್ಚುಕಟ್ಟಾಗಿ ಹೊಲಿದರೂ ಅದನ್ನು ಸರಿಪಡಿಸಲು ಬರುವುದಿಲ್ಲ.

ಅಂಗಡಿಯಲ್ಲಿಯೇ ಒಂದು ಹೂವಿನ ನಡುವಿನಿಂದ, ಉದ್ದಕ್ಕೆ ಅದೇ ಹೂವು ಮತ್ತೆ ಬರುವ ಜಾಗದವರೆಗೆ ಟೇಪು ಹಿಡಿದು ಅಳೆಯಿರಿ. ಬಟ್ಟೆ ಎಷ್ಟು ಬೇಕೆಂಬುದು ಈ ಅಂತರದ ಮೇಲೆ ನಿಂತಿದೆ. ಸೋಫಾ ಬಟ್ಟೆಯ ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 54 ಇಂಚು, ಅಂದರೆ ಸುಮಾರು 137 ಸೆಂ.ಮೀ. ಮೂರು ಜನ ಕೂರುವ ಸೋಫಾದ ಕುಶನ್‌ಗಳ ಮೇಲ್ಭಾಗಕ್ಕೆ, ಹೊಲಿಗೆಗೆ ಬಿಡುವ ಅಂಚೂ ಸೇರಿ, 63 ಸೆಂ.ಮೀ. ಅಗಲ, 68 ಸೆಂ.ಮೀ. ಉದ್ದದ ಮೂರು ತುಂಡುಗಳು ಬೇಕೆಂದುಕೊಳ್ಳೋಣ. ಪನ್ನದಲ್ಲಿ ಎರಡು ಹೂವುಗಳು ಸಮ ಅಂತರದಲ್ಲಿದ್ದರೆ ಒಂದು ಸಾಲಿನಲ್ಲಿ ಎರಡು ತುಂಡು ಸಿಗುತ್ತವೆ, ಮೂರನೆಯದಕ್ಕೆ ಇನ್ನೊಂದು ಸಾಲು ಬೇಕು. ಸಾದಾ ಬಟ್ಟೆಯಲ್ಲಿ ಇದಕ್ಕೆ 136 ಸೆಂ.ಮೀ. ಸಾಕಾಗುತ್ತಿತ್ತು. ಆದರೆ ಹೂವು 64 ಸೆಂ.ಮೀ.ಗೊಮ್ಮೆ ಬರುವುದಾದರೆ, ಎರಡನೆಯ ಸಾಲಿನ ಹೂವೂ ಅದೇ ಜಾಗದಲ್ಲಿ ಕೂರಬೇಕಾದ್ದರಿಂದ, ಅದನ್ನು 128 ಸೆಂ.ಮೀ.ಯಿಂದಲೇ ಆರಂಭಿಸಬೇಕು, ಒಟ್ಟು 196 ಸೆಂ.ಮೀ. ಆಗುತ್ತದೆ. ನಡುವೆ ಉಳಿಯುವ 60 ಸೆಂ.ಮೀ. ಬಟ್ಟೆಯನ್ನು ಕೈಗಳ ಮುಂಭಾಗಕ್ಕೂ ಕುಶನ್‌ನ ಹಿಂಬದಿಯ ಪಟ್ಟಿಗೂ ಬಳಸಬಹುದು.

ಹಳೆಯ ಹೊದಿಕೆಯನ್ನು ಹರಿಯದಂತೆ ಬಿಚ್ಚಿ, ಪ್ರತಿ ತುಂಡಿನ ಮೇಲೂ ಅದು ಯಾವ ಭಾಗದ್ದು, ಯಾವ ಬದಿ ಮೇಲಿತ್ತು ಎಂದು ಬರೆದಿಡಿ. ಅದು ವರ್ಷಗಟ್ಟಲೆ ಎಳೆದು ಹಿಗ್ಗಿರುವುದರಿಂದ ಆಕಾರಕ್ಕೆ ಮಾತ್ರ ಅದನ್ನು ನಂಬಿ, ಅಳತೆಯನ್ನು ಚೌಕಟ್ಟಿನ ಮೇಲೆ ಹೊಸದಾಗಿ ತೆಗೆದುಕೊಳ್ಳುವುದು ಒಳ್ಳೆಯದು.

ಹೂವನ್ನು ಕೂರಿಸುವುದರಲ್ಲಿ ಹೆಚ್ಚಿನವರು ಎಡವುವುದು ಬೆನ್ನಿನ ಭಾಗದಲ್ಲಿ. ಅದರ ಪೂರ್ತಿ ಎತ್ತರದ ನಡುವೆ ಹೂವನ್ನು ಇಟ್ಟರೆ ಅದರ ಕೆಳಗಿನ ದಳಗಳು ಕುಶನ್‌ನ ಹಿಂದೆ ಮರೆಯಾಗುತ್ತವೆ. ಆದ್ದರಿಂದ ಕುಶನ್‌ಗಳನ್ನು ಜಾಗದಲ್ಲಿಟ್ಟು, ಕಣ್ಣಿಗೆ ಕಾಣುವಷ್ಟು ಭಾಗವನ್ನು ಮಾತ್ರ ಅಳೆದು, ಅದರ ನಡುವನ್ನು ಸೀಮೆಸುಣ್ಣದಿಂದ ಗುರುತು ಮಾಡಬೇಕು. ಬಳ್ಳಿ ಬೆನ್ನಿನಿಂದ ಇಳಿದು, ಕುಶನ್ ದಾಟಿ, ಮುಂದಿನ ಪಟ್ಟಿಯವರೆಗೆ ಒಂದೇ ಧಾರೆಯಾಗಿ ಹರಿಯುವಂತಿದ್ದರೆ ಆ ಸೋಫಾದ ಅಂದವೇ ಬೇರೆ. ಗೋಡೆಗೆ ಅಂಟಿಕೊಂಡಿರುವ ಹಿಂಬದಿಗೆ ಇಷ್ಟು ಶ್ರಮ ಬೇಕಿಲ್ಲ. ಮಖಮಲ್ಲಾದರೆ ನವಿರು ಎತ್ತ ಮಲಗಿದೆ ಎಂದು ಕೈಯಾಡಿಸಿ ನೋಡಿ, ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಿ.

ಅಚ್ಚು ಹಾಕಿದ ಪಟ್ಟೆಗಳು ಕೆಲವೊಮ್ಮೆ ನೇಯ್ಗೆಯ ಎಳೆಗೆ ಸರಿಯಾಗಿ ಇರುವುದಿಲ್ಲ. ಓರೆ ಅಲ್ಪವಾದರೆ ಎಳೆಯನ್ನು ಬಿಟ್ಟು ಪಟ್ಟೆಯನ್ನೇ ಅನುಸರಿಸಿ. ಹೆಚ್ಚಾದರೆ ಕತ್ತರಿಸದೆ ಅಂಗಡಿಗೆ ಹಿಂತಿರುಗಿಸಿ.

ಎರಡು ತುಂಡುಗಳು ಕೂಡುವಲ್ಲಿ ಒಂದರ ಅಂಚನ್ನು ಒಳಕ್ಕೆ ಮಡಿಸಿ ಇಸ್ತ್ರಿ ಹಾಕಿ, ಆ ಮಡಿಕೆಯನ್ನು ಇನ್ನೊಂದರ ಮೇಲಿಟ್ಟು, ಎಲೆಗೆ ಎಲೆ, ಗೆರೆಗೆ ಗೆರೆ ಸೇರುವವರೆಗೆ ಸರಿಸಿ. ಗುಂಡುಸೂಜಿಗಳನ್ನು ಹೊಲಿಗೆಗೆ ಅಡ್ಡಲಾಗಿ ಚುಚ್ಚಿ, ಕೈಯಿಂದ ಕಚ್ಚಾ ಹೊಲಿಗೆ ಹಾಕಿದ ಮೇಲೆಯೇ ಯಂತ್ರಕ್ಕೆ ಕೊಡಿ. ಇಷ್ಟಾದರೂ ಕೂಡದ ಜಾಗಗಳಿದ್ದರೆ ನಡುವೆ ಸಾದಾ ಬಣ್ಣದ ಪೈಪಿಂಗ್ (ಹುರಿಗೆ ಬಟ್ಟೆ ಸುತ್ತಿ ಹೊಲಿಗೆಯಲ್ಲಿ ಕೂರಿಸುವ ಅಂಚು) ಕೊಡಿಸಿ. ಅದು ಕಣ್ಣನ್ನು ಅಲ್ಲಿಯೇ ತಡೆದು ವ್ಯತ್ಯಾಸವನ್ನು ಮರೆಸುತ್ತದೆ.

ಗುಳೇದಗುಡ್ಡದ ಖಣವನ್ನು ಬಳಸುವ ಆಸೆಯಿದ್ದರೆ ಸಣ್ಣ ಸ್ಟೂಲು ಅಥವಾ ಊಟದ ಕುರ್ಚಿಯ ಆಸನಕ್ಕೆ ಅದು ಒಪ್ಪುತ್ತದೆ. ಪುಟ್ಟ ಚಿತ್ತಾರವಾದ್ದರಿಂದ ಹೊಂದಿಸುವುದು ಸುಲಭ. ಆದರೆ ಅದು ರವಿಕೆಯ ಬಟ್ಟೆ. ಪನ್ನ ಕಿರಿದು, ಒಳಗೆ ಗಟ್ಟಿ ಹತ್ತಿ ಬಟ್ಟೆಯ ಆಸರೆ ಕೊಡಲೇಬೇಕು.

ಸ್ಟೇಪ್ಲರ್ ಗನ್ ಹಿಡಿದಾಗ ಮೊದಲು ನಾಲ್ಕೂ ಬದಿಗಳ ನಡುವೆ ಒಂದೊಂದೇ ಪಿನ್ನು ಹೊಡೆದು, ಎದುರುಬದುರು ಬದಿಗಳನ್ನು ಸರದಿಯಂತೆ ಬಿಗಿಯುತ್ತಾ ಮೂಲೆಗಳತ್ತ ಸಾಗಿರಿ. ಒಂದೇ ಕಡೆ ಜೋರಾಗಿ ಎಳೆದರೆ ಪಟ್ಟೆ ಬಿಲ್ಲಾಗುತ್ತದೆ. ಆಗಾಗ ಒಂದು ದಾರವನ್ನು ಅಡ್ಡ ಹಿಡಿದು ನೋಡಿದರೆ ಅದು ಕೂಡಲೇ ತಿಳಿಯುತ್ತದೆ. ಮೂಲೆಗಳನ್ನು ಕೊನೆಗೆ ಮಡಿಸಿ, ಪಿನ್ನುಗಳೆಲ್ಲ ಭದ್ರವಾದ ನಂತರವಷ್ಟೇ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ.