ಲಾಕ್-ಇನ್ ಮುಗಿಯುವ ಮೊದಲೇ ಶೇರಿಂಗ್ ಮನೆ ಬಿಟ್ಟಿದ್ದು ಹೀಗೆ

ಬೆಂಗಳೂರಿನ ವಿಜಯನಗರದಲ್ಲಿ ನಾವು ಮೂವರು ಹುಡುಗಿಯರು ಸೇರಿ ಒಂದು ಮನೆ ಹಿಡಿದಿದ್ದೆವು. ಬಾಡಿಗೆ 24 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. ತಲಾ 50 ಸಾವಿರ ಹಾಕಿದ್ದೆವು. 11 ತಿಂಗಳ ಅಗ್ರಿಮೆಂಟ್, ಮೂವರ ಹೆಸರೂ ಒಂದೇ ಪತ್ರದಲ್ಲಿ. ಆರು ತಿಂಗಳು ಲಾಕ್-ಇನ್. ಅದಕ್ಕೂ ಮೊದಲು ಬಿಟ್ಟರೆ ಉಳಿದ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇವೆ ಅಂತ ಬರೆದಿತ್ತು.

ಓನರ್ ಮನೆ ಮೇಲಿನ ಮಹಡಿಯಲ್ಲಿ. ಆಂಟಿ ಕೆಟ್ಟವರಲ್ಲ, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು. ಆದರೆ ಅವರ ಹತ್ತಿರ ಒಂದು ಸ್ಪೇರ್ ಕೀ ಇತ್ತು. ನಾವು ಆಫೀಸಿಗೆ ಹೋದ ಮೇಲೆ ಒಳಗೆ ಬಂದು ನೋಡಿ ಹೋಗುತ್ತಿದ್ದರು. ಸಂಜೆ ಸಿಕ್ಕಾಗ "ಪಾತ್ರೆ ಹಾಗೇ ಬಿಟ್ಟು ಹೋಗಿದ್ರಲ್ಲಮ್ಮ" ಅನ್ನುತ್ತಿದ್ದರು. ಒಮ್ಮೆ ನಾನು ನೈಟ್ ಶಿಫ್ಟ್ ಮುಗಿಸಿ ಮಲಗಿದ್ದಾಗ ಪ್ಲಂಬರನ್ನು ಕರೆದುಕೊಂಡು ನೇರ ನನ್ನ ರೂಮಿಗೇ ಬಂದರು. ಅಂಕಲ್ ಇನ್ನೂ ಒಂದು ಹೆಜ್ಜೆ ಮುಂದೆ. ಎಮರ್ಜೆನ್ಸಿಗೆ ಇರಲಿ ಅಂತ ತೆಗೆದುಕೊಂಡಿದ್ದ ಅಪ್ಪಂದಿರ ನಂಬರಿಗೆ ಗೇಟಿನ ಸಿಸಿಟಿವಿ ಕ್ಲಿಪ್ ಕಳಿಸಿದರು. ಅದರಲ್ಲಿ ಇದ್ದದ್ದು ನನ್ನ ರೂಮ್‌ಮೇಟ್‌ನ ಸಹೋದ್ಯೋಗಿ, ಲ್ಯಾಪ್‌ಟಾಪ್ ಕೊಟ್ಟು ಹೋಗಲು ಬಂದಿದ್ದವನು. ಅವಳ ಮನೆಯಲ್ಲಿ ದೊಡ್ಡ ರಂಪವೇ ಆಯಿತು.

ಕಾನೂನು ಏನು ಹೇಳುತ್ತೆ ಅಂತ ನೋಡಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಈಗ ಆ ದುಡ್ಡಿಗೆ ಇಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ! 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿತು. ಓನರ್ ಒಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು, ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಅದರಲ್ಲಿದೆ. ಆದರೆ ಅದು ಬರೀ ಮಾದರಿ. ರಾಜ್ಯ ತನ್ನದೇ ಕಾನೂನಾಗಿ ತಂದರೆ ಮಾತ್ರ ಜಾರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆ ಕಟ್ಟಿಕೊಂಡು ಷರತ್ತಿನಂತೆ ಇರುವವರ ವಾಸಕ್ಕೆ ಅಡ್ಡಿ ಮಾಡುವಂತಿಲ್ಲ. ಸರಿ, ಆದರೆ 50 ಸಾವಿರಕ್ಕೆ ಕೋರ್ಟ್ ಮೆಟ್ಟಿಲು ಯಾರು ಹತ್ತುತ್ತಾರೆ? ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಎರಡೇ: ಅಗ್ರಿಮೆಂಟ್ ಮತ್ತು ವಾಟ್ಸಾಪ್.

ಮೊದಲು ಓನರ್ ಇದ್ದ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ. "ಆಂಟಿ, ರಿಪೇರಿಗೆ ಯಾರಾದ್ರೂ ಬರೋದಿದ್ರೆ ಹಿಂದಿನ ದಿನ ಇಲ್ಲೇ ತಿಳಿಸಿ, ನಮ್ಮಲ್ಲಿ ಒಬ್ರು ಮನೇಲಿ ಇರ್ತೀವಿ." ದೂರಿನ ಧಾಟಿ ಬೇಡ ಅಂತಲೇ ಹಾಗೆ ಬರೆದೆ. "ನಮ್ಮ ಮನೆಗೆ ನಾವು ಬರೋಕೆ ನಿಮ್ಮ ಪರ್ಮಿಷನ್ ಬೇಕಾ?" ಅಂತ ಅಂಕಲ್ ಉತ್ತರ ಕೊಟ್ಟರು. ಓದಿ ಬೇಜಾರಾಯಿತು, ಆದರೆ ಆ ಉತ್ತರ ಬರಹದಲ್ಲಿ ಇದ್ದದ್ದು ಆಮೇಲೆ ಉಪಯೋಗಕ್ಕೆ ಬಂತು. ಅಷ್ಟರಲ್ಲಿ ರೂಮಿನ ಬಾಗಿಲಿಗೆ ಬೀಗ ಹಾಕಿಕೊಂಡು ಓಡಾಡಲು ಶುರು ಮಾಡಿದೆ.

ಉಳಿದ ಇಬ್ಬರಿಗೆ ಆಫೀಸು ಹತ್ತಿರ, ಅವರು ಬಿಡುವ ಹಾಗಿರಲಿಲ್ಲ. ಒಂದೇ ಪತ್ರದಲ್ಲಿ ಮೂವರ ಹೆಸರು ಇದ್ದಾಗ ಇದೇ ತೊಡಕು. ನಾನು ಸುಮ್ನೆ ಹೊರಟರೆ ನನ್ನ ಪಾಲಿನ 8 ಸಾವಿರ ಅವರ ತಲೆಗೆ ಬರುತ್ತೆ. ಅದಕ್ಕೆ ಓನರ್ ಹತ್ತಿರ ಹೋಗುವ ಮೊದಲೇ ನನ್ನ ಜಾಗಕ್ಕೆ ಬರುವವರನ್ನು ಹುಡುಕಿದೆ. ಸಿಕ್ಕ ಹುಡುಗಿಗೆ ಕೀ ವಿಷಯ, ಕ್ಲಿಪ್ ವಿಷಯ ಎಲ್ಲಾ ಹೇಳಿದೆ. ಮುಚ್ಚಿಟ್ಟು ಸಿಕ್ಕಿಸಿ ಹೋಗುವುದು ನನಗೆ ಸರಿ ಕಾಣಲಿಲ್ಲ. "ಕೀ ವಾಪಸ್ ಕೊಟ್ಟರೆ ಬರ್ತೀನಿ" ಅಂದಳು. ಅದೇ ನಮಗೆ ಹಿಡಿತ ಆಯಿತು.

ಅಂಕಲ್ ಮೊದಲು ಲಾಕ್-ಇನ್ ಷರತ್ತು ತೋರಿಸಿದರು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ದಂಡ ಎಷ್ಟೇ ಬರೆದಿದ್ದರೂ ಅಷ್ಟೂ ತಾನಾಗಿ ಸಿಗುವುದಿಲ್ಲ. ನ್ಯಾಯವಾದ ಪರಿಹಾರಕ್ಕೆ ಅದು ಮೇಲ್ಮಿತಿ ಅಷ್ಟೇ. ಸೆಕ್ಷನ್ ನಂಬರ್ ನಾನು ಬಾಯಿ ಬಿಡಲಿಲ್ಲ. ನಂಬರ್ ಹೇಳಿದರೆ ಹಿರಿಯರು ಸೆಟೆದು ಕೂರುತ್ತಾರೆ. "ಅಂಕಲ್, ಒಂದು ದಿನದ ಬಾಡಿಗೆಯೂ ನಿಮಗೆ ತಪ್ಪಲ್ಲ" ಅಂದೆ. ಗ್ರೂಪಿನಲ್ಲಿ ಅವರೇ ಕೊಟ್ಟಿದ್ದ ಉತ್ತರವನ್ನೂ ತೆರೆದು ತೋರಿಸಿ, ಇದಕ್ಕೇ ಹೋಗ್ತಿದೀನಿ ಅಂದೆ. ಆಂಟಿಯೇ ನಡುವೆ ಬಂದು "ಹೋಗ್ಲಿ ಬಿಡ್ರೀ" ಅಂದರು.

ದುಡ್ಡಿನ ಲೆಕ್ಕ ಹೀಗೆ. ಹೊಸ ಹುಡುಗಿ 50 ಸಾವಿರ ನನಗೇ ಟ್ರಾನ್ಸ್‌ಫರ್ ಮಾಡಿದಳು. ಅದೇ ದಿನ ಹಳೆಯದರ ಬದಲು ಹೊಸ ಅಗ್ರಿಮೆಂಟ್‌ಗೆ ಎಲ್ಲರ ಸಹಿ ಬಿತ್ತು. ಅದರಲ್ಲಿ ನನ್ನ ಹೆಸರು ತೆಗೆದು ಅವಳ ಹೆಸರು ಹಾಕಿ, ಅಡ್ವಾನ್ಸಿನಲ್ಲಿ ಅವಳ ಪಾಲು ಇಷ್ಟು ಅಂತ ಬರೆಸಿದೆವು. ಈ ಸಾಲು ಇಲ್ಲದೆ ಬರೀ ಟ್ರಾನ್ಸ್‌ಫರ್ ಮಾಡಿದರೆ ನಾಳೆ ಅವಳ ದುಡ್ಡಿಗೆ ಓನರ್ ಕಡೆಯಿಂದ ದಾಖಲೆಯೇ ಇರುವುದಿಲ್ಲ ಅಲ್ವಾ? ಸ್ಪೇರ್ ಕೀ ಕೂಡ ಆವತ್ತೇ ಕೈಗೆ ಬಂತು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿಯುವುದು ಇಲ್ಲಿನ ರೂಢಿ. ಮನೆ ಪೂರ್ತಿ ಖಾಲಿ ಆದಾಗ ನೋಡೋಣ ಅಂತ ಅಂಕಲ್ ಒಪ್ಪಿದರು. ನನ್ನ ಲೆಕ್ಕಕ್ಕೆ 4 ಸಾವಿರವನ್ನು ರೂಮ್‌ಮೇಟ್‌ಗಳ ಕೈಗೆ ಕೊಟ್ಟೆ. ರೂಮಿನ ಗೋಡೆ, ಕಪಾಟು, ಬಾತ್‌ರೂಮ್ ಎಲ್ಲದರ ವಿಡಿಯೋ ತೆಗೆದು ಗ್ರೂಪಿಗೆ ಹಾಕಿ, ಆಮೇಲೆ ಗ್ರೂಪ್ ಬಿಟ್ಟೆ.

ಹೊಸ ಮನೆಯ ಅಗ್ರಿಮೆಂಟಿನಲ್ಲಿ 24 ಗಂಟೆ ಮೊದಲು ತಿಳಿಸುವ ಸಾಲು ಸೇರಿಸಿ ಅಂದೆ. "ಮೇಡಂ, ಇದೆಲ್ಲ ಯಾರೂ ಬರೆಸಲ್ಲ" ಅಂತ ಬ್ರೋಕರ್ ನಕ್ಕ. ಓನರ್ ಮಾತ್ರ ಓದಿ ತಕರಾರಿಲ್ಲದೆ ಸಹಿ ಹಾಕಿದರು. ಆಧಾರ್ ಕೇಳಿದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟೆ.

ಕೊನೆಗೆ ಒಂದು ಮಾತು. ಹಳೆ ಮನೆಯ ಗೃಹಜ್ಯೋತಿ ನಿಮ್ಮ ಆಧಾರ್‌ಗೆ ಲಿಂಕ್ ಆಗಿದ್ದರೆ ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿಕೊಂಡೇ ಹೊರಡಿ. ಇಲ್ಲದಿದ್ದರೆ ಹೊಸ ಮನೆಯ ಮೀಟರಿಗೆ ಅರ್ಜಿ ಹಾಕಲು ಆಗುವುದಿಲ್ಲ.