ಹಳೆಯ ಗಾಡಿಯ ಪವರ್ ಸ್ಟೀರಿಂಗ್ ಆಯಿಲ್ ಸೋರಿಕೆ: ನಾನು ದುರಸ್ತಿ ಮಾಡಿಕೊಂಡ ಬಗೆ

ನಮ್ಮ ಮನೆಯಲ್ಲಿರುವುದು 2003ರ ಮಾದರಿಯ ಡೀಸೆಲ್ ಗಾಡಿ. ಹೊಸನಗರದ ಕಡೆಯವರಾದ ನಾವು ತಿಂಗಳಿಗೆ ಎರಡು ಬಾರಿಯಾದರೂ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆಗೆ ಹೋಗಿಬರುತ್ತೇವೆ. ಆ ತಿರುವುಗಳಲ್ಲಿ ಸ್ಟೀರಿಂಗ್ ಹೇಗೆ ತಿರುಗುತ್ತದೆ ಎಂಬುದು ಪ್ರಾಣದ ಪ್ರಶ್ನೆ. ಕಳೆದ ಮಳೆಗಾಲದ ಕೊನೆಯಲ್ಲಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಅಂಗಳದಲ್ಲಿ ಗಾಡಿ ತಿರುಗಿಸುವಾಗ ಮುಂಭಾಗದಿಂದ ಕೊರೆಯುವಂಥ ಸದ್ದು ಕೇಳತೊಡಗಿತು. ಬಾನೆಟ್ ತೆರೆದು ನೋಡಿದರೆ, ಸ್ಟೀರಿಂಗ್ ಹಗುರವಾಗಿ ತಿರುಗಲು ನೆರವಾಗುವ ಆಯಿಲಿನ ಡಬ್ಬಿಯಲ್ಲಿ ಮಟ್ಟವು ಕೆಳಗಿನ ಗೆರೆಗಿಂತಲೂ ಇಳಿದಿತ್ತು. ತುಂಬಿಸಿದೆ, ಹದಿನೈದು ದಿನಗಳಲ್ಲಿ ಸುಮಾರು 200 ಮಿ.ಲೀ.ನಷ್ಟು ಮತ್ತೆ ಖಾಲಿಯಾಯಿತು.

ಪರಿಚಯದ ಮೆಕ್ಯಾನಿಕ್ ಒಬ್ಬರು ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ, ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಪೆಟ್ಟಿಗೆ) ಪೂರ್ತಿ ಒದ್ದೆಯಾಗಿದೆ, "ಬಾಕ್ಸ್ ಬಿಚ್ಚಿ ಸೀಲ್ ಕಿಟ್ ಹಾಕಬೇಕು ಮೇಷ್ಟ್ರೇ" ಎಂದರು; ಅಂದರೆ ಆಯಿಲ್ ಹೊರಬರದಂತೆ ತಡೆಯುವ ಒಳಗಿನ ರಬ್ಬರ್ ಸೀಲುಗಳನ್ನೆಲ್ಲ ಬದಲಿಸಬೇಕು. ಅವರು ಕಂಡದ್ದು ಸುಳ್ಳಲ್ಲ, ಬಾಕ್ಸ್ ನಿಜವಾಗಿಯೂ ಒದ್ದೆಯಾಗಿತ್ತು. ಆದರೆ ಒದ್ದೆಯಾದ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ಆಯಿಲ್ ಪೈಪಿನ ಮೈಮೇಲೆ ಹರಿದು, ರೇಡಿಯೇಟರ್ ಫ್ಯಾನಿನ ಗಾಳಿಗೆ ಸಿಕ್ಕಿ, ಮೂಲದಿಂದ ಒಂದೆರಡು ಅಡಿ ದೂರದಲ್ಲಿ ತೊಟ್ಟಿಕ್ಕುವುದು ಸಾಮಾನ್ಯ. ಈ ಸಂಶಯವಿದ್ದುದರಿಂದ ನಾನು ಬಾಕ್ಸಿಗೆ ಕೈಹಾಕಲು ಒಪ್ಪಲಿಲ್ಲ. ಅದಕ್ಕೂ ಮೊದಲು ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವವನ್ನೂ ಒಮ್ಮೆ ಹಾಕಿ ನೋಡಿದ್ದೆ. ಅದು ರಬ್ಬರ್ ಸೀಲುಗಳನ್ನು ಸ್ವಲ್ಪ ಉಬ್ಬಿಸಿ ಬಿರುಕನ್ನು ಮುಚ್ಚುವಂಥದ್ದು. ನನ್ನ ಗಾಡಿಯಲ್ಲಿ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ, ಏಕೆಂದರೆ ಸೋರುತ್ತಿದ್ದುದು ಸೀಲ್ ಆಗಿರಲೇ ಇಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಈ ವ್ಯವಸ್ಥೆಯೊಳಗಿನ ಒತ್ತಡಗಳ ಅಂದಾಜು ಇರಬೇಕು. ಬೆಲ್ಟ್ ಮೂಲಕ ಎಂಜಿನ್ನಿನಿಂದ ತಿರುಗುವ ಪಂಪು ಡಬ್ಬಿಯಿಂದ ಆಯಿಲ್ ಎಳೆದು, ಒತ್ತಡದ ಪೈಪಿನ ಮೂಲಕ ಸ್ಟೀರಿಂಗ್ ಬಾಕ್ಸಿಗೆ ಕಳಿಸುತ್ತದೆ. ಅಲ್ಲಿಂದ ಅದು ವಾಪಸ್ ಪೈಪಿನಲ್ಲಿ ಡಬ್ಬಿಗೆ ಮರಳುತ್ತದೆ. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಒತ್ತಡದ ಪೈಪಿನಲ್ಲಿ 70ರಿಂದ 100 ಬಾರ್‌ವರೆಗೂ ಒತ್ತಡ ಏರಬಲ್ಲದು. ಕಾರಿನ ಟಯರಿನಲ್ಲಿ ಇರುವುದು ಸುಮಾರು 2 ಬಾರ್ ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿಯುತ್ತದೆ. ವಾಪಸ್ ಪೈಪಿನಲ್ಲಿ ಒತ್ತಡ ತೀರಾ ಕಡಿಮೆ. ಡಬ್ಬಿಯಿಂದ ಪಂಪಿಗೆ ಹೋಗುವ ಎಳೆತದ ಪೈಪಿನಲ್ಲಿ ಎಂಜಿನ್ ಓಡುವಾಗ ಒತ್ತಡಕ್ಕೆ ಬದಲಾಗಿ ಸೆಳೆತವಿರುತ್ತದೆ. ಈ ಕೊನೆಯ ಮಾತನ್ನು ನಾನು ಆಗ ಸಾಕಷ್ಟು ಗಮನಕ್ಕೆ ತಂದುಕೊಳ್ಳಲಿಲ್ಲ, ಅದರಿಂದಾಗಿ ಒಂದು ವಾರ ಹೆಚ್ಚು ಕಷ್ಟಪಟ್ಟೆ.

ಮೊದಲು ಮಾಡಿದ್ದು ತೊಳೆಯುವ ಕೆಲಸ. ತಣ್ಣಗಿರುವ ಎಂಜಿನ್ನಿನಲ್ಲಿ ಪಂಪು, ಪೈಪುಗಳು, ಬಾಕ್ಸ್ ಎಲ್ಲವನ್ನೂ ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ತಿಕ್ಕಿ, ಆಮೇಲೆ ಸೋಪಿನ ನೀರಿನಿಂದ ತೊಳೆದು, ಒಂದು ದಿನ ಬಿಸಿಲಿನಲ್ಲಿ ಒಣಗಲು ಬಿಟ್ಟೆ. ಇಪ್ಪತ್ತು ವರ್ಷಗಳ ಕೆಸರು, ಜಿಡ್ಡು ಹೋಗುವವರೆಗೆ ಯಾವ ಪರೀಕ್ಷೆಯೂ ಸರಿಯಾದ ಉತ್ತರ ಕೊಡುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಒಣಗಿದ ಮೇಲೆ ಎಲ್ಲ ಜೋಡಣೆಗಳ ಮೇಲೂ ಮಕ್ಕಳ ಪೌಡರನ್ನು ತೆಳುವಾಗಿ ಉದುರಿಸಿ, ಮಗನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಎಂಜಿನ್ ಚಾಲೂ ಮಾಡಿಸಿ, ಸ್ಟೀರಿಂಗನ್ನು ಎರಡೂ ಬದಿಗೆ ನಿಧಾನವಾಗಿ ತಿರುಗಿಸಲು ಹೇಳಿದೆ. ಕೊನೆಗೆ ಮುಟ್ಟಿದಾಗ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು, ಇಲ್ಲವಾದರೆ ಪಂಪು ವಿಪರೀತ ಬಿಸಿಯಾಗುತ್ತದೆ. ನಾನು ಬೆಲ್ಟ್, ಫ್ಯಾನುಗಳಿಂದ ದೂರ ನಿಂತು ಟಾರ್ಚಿನಿಂದ ನೋಡಿದೆನೇ ಹೊರತು, ಪೈಪನ್ನು ಬೆರಳಿನಿಂದ ಸವರಿ ನೋಡಲಿಲ್ಲ. ಅಷ್ಟು ಒತ್ತಡದಲ್ಲಿ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಆಯಿಲ್ ಚರ್ಮವನ್ನು ತೂರಿ ಒಳಹೋಗಬಲ್ಲದು, ಹಾಗಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕಾದೀತು.

ಮೂರನೆಯ ಬಾರಿ ತಿರುಗಿಸುವಾಗ ಉತ್ತರ ಸಿಕ್ಕಿತು. ಒತ್ತಡದ ಪೈಪಿನಲ್ಲಿ ರಬ್ಬರ್ ಭಾಗವು ಲೋಹದ ನಳಿಕೆಯನ್ನು ಸೇರುವಲ್ಲಿ ಕ್ರಿಂಪ್ ಮಾಡಿದ (ಯಂತ್ರದಲ್ಲಿ ಒತ್ತಿ ಬಿಗಿಸಿದ) ಒಂದು ಬಳೆ ಇರುತ್ತದೆ; ಅದರ ಅಂಚಿನಲ್ಲಿ ಬಿಳಿಯ ಪೌಡರು ನಸುಗೆಂಪಾಗಿ ಒದ್ದೆಯಾಗುತ್ತ ಬಂತು. ಅಲ್ಲಿಂದ ಹರಿದ ಆಯಿಲ್ ಬಾಕ್ಸಿನ ಮೇಲೆ ಬೀಳುತ್ತಿತ್ತು. ಬಾಕ್ಸಿನ ಸೀಲುಗಳ ಸುತ್ತ ಪೌಡರು ಒಣಗಿಯೇ ಇತ್ತು. ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಲ್ಲಿಂದ ಒಂದು ಗೇಣಿನಷ್ಟೂ ದೂರವಿಲ್ಲ ಎಂಬುದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಘಾಟಿ ಹತ್ತುವಾಗ ಅದು ಈ ಆಯಿಲ್ ಹೊತ್ತಿಕೊಳ್ಳುವಷ್ಟು ಬಿಸಿಯಾಗಬಲ್ಲದು. ಆ ದಿನದಿಂದ ದುರಸ್ತಿ ಮುಗಿಯುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಲಿಲ್ಲ.

ಡಬ್ಬಿಯಲ್ಲಿದ್ದ ಆಯಿಲನ್ನು ದೊಡ್ಡ ಸಿರಿಂಜಿನಿಂದ ಎಳೆದು ತೆಗೆದೆ. ಕೆಂಪಾಗಿರಬೇಕಾದದ್ದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಪೈಪನ್ನು ಬಿಚ್ಚುವ ಮುನ್ನ ಅದು ಹೇಗೆ ಬಾಗಿದೆ, ಎರಡೂ ತುದಿಗಳು ಯಾವ ಕೋನದಲ್ಲಿವೆ ಎಂಬುದನ್ನು ಫೋಟೊ ತೆಗೆದು, ರಬ್ಬರಿನ ಉದ್ದಕ್ಕೂ ಬಿಳಿ ಬಣ್ಣದಿಂದ ಒಂದು ನೇರ ಗೆರೆ ಎಳೆದಿಟ್ಟೆ. ಈ ಗೆರೆ ಬಹಳ ಮುಖ್ಯ. ಹೊಸ ರಬ್ಬರಿಗೆ ತುದಿಗಳನ್ನು ಕೂಡಿಸುವಾಗ ಕೋನ ಸ್ವಲ್ಪ ತಪ್ಪಿದರೂ ಪೈಪು ತಿರುಚಿಕೊಂಡು ಕೂರುತ್ತದೆ, ಹಾಗೆ ಕೂತದ್ದು ಹೆಚ್ಚು ಕಾಲ ಬಾಳುವುದಿಲ್ಲ. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಮೂಲೆ ಸವೆಯದಂತೆ ಪೈಪಿನ ನಟ್‌ಗೆಂದೇ ಇರುವ ಸ್ಪ್ಯಾನರಿನಿಂದ ಬಿಚ್ಚಿದೆ.

ಇಷ್ಟು ಹಳೆಯ ಗಾಡಿಗೆ ಕಂಪನಿಯ ಪೈಪು ಸಿಗಲಿಲ್ಲ. ಹಾಗಾಗಿ ಅದನ್ನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆಗೆ ಒಯ್ದು, ಜೆಸಿಬಿ, ಟ್ರ್ಯಾಕ್ಟರ್‌ಗಳಿಗೆ ಹೈಡ್ರಾಲಿಕ್ ಹೋಸ್ (ಭಾರೀ ಒತ್ತಡ ತಾಳುವ ರಬ್ಬರ್ ಪೈಪು) ಕಟ್ಟಿಕೊಡುವ ಅಂಗಡಿಯಲ್ಲಿ ಹಳೆಯ ತುದಿಗಳನ್ನೇ ಉಳಿಸಿಕೊಂಡು ಹೊಸ ಹೋಸ್ ಕ್ರಿಂಪ್ ಮಾಡಿಸಿದೆ. ಎರಡು ಪದರ ಉಕ್ಕಿನ ತಂತಿಯ ಹೆಣಿಗೆ ಇರುವ ಹೋಸ್ ಅದು. ಸ್ಟೀರಿಂಗಿನ ಒತ್ತಡ ಅದಕ್ಕೆ ಏನೇನೂ ಅಲ್ಲ. ಆದರೆ ಇದಕ್ಕೊಂದು ಮಿತಿಯಿದೆ. ಸ್ಟೀರಿಂಗಿಗೆಂದೇ ತಯಾರಾಗುವ ಹೋಸ್ ಒತ್ತಡಕ್ಕೆ ಸ್ವಲ್ಪ ಹಿಗ್ಗಿ ಪಂಪಿನ ಮಿಡಿತವನ್ನು ಹೀರಿಕೊಳ್ಳುತ್ತದೆ. ಈ ಗಟ್ಟಿ ಹೋಸ್ ಹಾಗೆ ಹಿಗ್ಗುವುದಿಲ್ಲ, ಆದ್ದರಿಂದ ಪೂರ್ತಿ ತಿರುಗಿಸಿದಾಗ ಮೊದಲಿಗಿಂತ ತುಸು ಹೆಚ್ಚು ಗುಂಯ್‌ಗುಡುವ ಸದ್ದು ಕೇಳುತ್ತದೆ. ಮೂಲ ಪೈಪು ಸಿಗುವ ಗಾಡಿಗಾದರೆ ನಾನು ಅದನ್ನೇ ಹಾಕುತ್ತಿದ್ದೆ.

ವಾಪಸ್ ಪೈಪನ್ನೂ ಅದೇ ಹೊತ್ತಿನಲ್ಲಿ ಬದಲಿಸಿದೆ, ಏಕೆಂದರೆ ಕ್ಲ್ಯಾಂಪ್ ಕೂರುವ ಜಾಗದಲ್ಲಿ ಅದು ಬಿರುಕು ಬಿಟ್ಟಿತ್ತು. ಒತ್ತಡ ಕಡಿಮೆಯೆಂದು ಇಲ್ಲಿ ರೇಡಿಯೇಟರಿನ ನೀರಿನ ಪೈಪಿನ ತುಂಡನ್ನು ಹಾಕುವವರಿದ್ದಾರೆ. ಆ ರಬ್ಬರು ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ತಾಳುವ ನೈಟ್ರೈಲ್ ರಬ್ಬರಿನ ಹೋಸನ್ನೇ ಕೇಳಿ ತರಬೇಕು. ಪಂಪಿಗೆ ಪೈಪನ್ನು ಕೂಡಿಸುವ ಬ್ಯಾಂಜೋ ಬೋಲ್ಟಿನ (ಒಳಗೆ ಆಯಿಲ್ ಹರಿಯುವ ಟೊಳ್ಳು ಬೋಲ್ಟ್) ಎರಡೂ ಬದಿಯ ತಾಮ್ರದ ವಾಷರ್‌ಗಳನ್ನು ಹೊಸದಾಗಿ ಹಾಕಿದೆ. ಒಮ್ಮೆ ಬಿಗಿಸಿದ ತಾಮ್ರ ಗಡುಸಾಗುವುದರಿಂದ ಮತ್ತೆ ಸರಿಯಾಗಿ ಕೂರುವುದಿಲ್ಲ. ಹೊಸತು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆದುವಾಗುತ್ತದೆ. ಡಬ್ಬಿಯ ತಳದ ಜಾಲರಿಯಲ್ಲಿ ರಬ್ಬರಿನ ಕಪ್ಪು ಪುಡಿ ಕಟ್ಟಿಕೊಂಡಿತ್ತು, ಅದನ್ನೂ ತೊಳೆದೆ.

ನಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿರುವುದು ಡೆಕ್ಸ್‌ರಾನ್ ದರ್ಜೆಯ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್ ಬಾಕ್ಸುಗಳಿಗೂ ಬಳಸುವ ಕೆಂಪು ಆಯಿಲ್. ಒಂದು ಲೀಟರಿನ ಎರಡು ಡಬ್ಬಿ ತಂದಿದ್ದೆ. ಮುಂದಿನ ಚಕ್ರಗಳನ್ನು ಜ್ಯಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಆಯಿಲ್ ತುಂಬಿಸಿ, ಪೈಪುಗಳೊಳಗೆ ಸೇರಿದ ಗಾಳಿ ಹೊರಬರಲೆಂದು ಎಂಜಿನ್ ಚಾಲೂ ಮಾಡದೆಯೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಬಾರಿ ನಿಧಾನವಾಗಿ ತಿರುಗಿಸಿದೆವು; ನಡುನಡುವೆ ಮಟ್ಟ ಇಳಿದಂತೆಲ್ಲ ಮತ್ತೆ ಹಾಕಿದೆವು. ಆಮೇಲೆ ಎಂಜಿನ್ ಚಾಲೂ ಮಾಡಿ ಅದನ್ನೇ ಮುಂದುವರಿಸಿದೆವು. ಗಾಳಿ ಪೂರ್ತಿ ಹೊರಬಂದರೆ ಡಬ್ಬಿಯಲ್ಲಿ ಆಯಿಲ್ ತಿಳಿಯಾಗಿ ಕಾಣಬೇಕು. ನಮ್ಮದರಲ್ಲಿ ನೊರೆ ನಿಲ್ಲಲೇ ಇಲ್ಲ.

ಮರುದಿನ ಮತ್ತೆ ಗಾಳಿ ತೆಗೆದೆ, ಅದರ ಮರುದಿನವೂ ತೆಗೆದೆ. ಪಂಪೇ ಕೆಟ್ಟಿರಬಹುದೆಂದು ಅದರ ಬೆಲೆಯನ್ನೂ ವಿಚಾರಿಸಿದೆ. ಆಗ ಕಣ್ಣಿಗೆ ಬಿದ್ದದ್ದು ಗಾಡಿಯ ಕೆಳಗೆ ಹಾಸಿದ್ದ ರಟ್ಟು. ಸಂಜೆ ಎಂಜಿನ್ ಓಡುತ್ತಿದ್ದಾಗ ಒಣಗಿದ್ದ ರಟ್ಟಿನ ಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಎರಡು ಕೆಂಪು ಹನಿಗಳು ಇರುತ್ತಿದ್ದವು. ಓಡುವಾಗ ಸೋರದೆ ನಿಂತಾಗ ಮಾತ್ರ ಸೋರುವ ಜಾಗ ಈ ವ್ಯವಸ್ಥೆಯಲ್ಲಿ ಎಲ್ಲಿರಬಹುದೆಂದು ಯೋಚಿಸಿದಾಗ ಎಳೆತದ ಪೈಪು ನೆನಪಾಯಿತು. ಅದರ ಜೋಡಣೆ ಸಡಿಲವಾಗಿದ್ದರೆ ಎಂಜಿನ್ ಓಡುವಾಗ ಅಲ್ಲಿಂದ ಆಯಿಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ, ಅದೇ ನೊರೆಗೂ ಬೆಳಗಿನ ಸದ್ದಿಗೂ ಕಾರಣ. ಎಂಜಿನ್ ನಿಂತ ಮೇಲೆ ಡಬ್ಬಿಯ ಆಯಿಲಿನ ಭಾರಕ್ಕೆ ಅದೇ ಸಂದಿನಿಂದ ಹನಿ ಜಿನುಗುತ್ತದೆ. ಎಂಜಿನ್ ಓಡಿಸಿ ಮಾಡಿದ ಪೌಡರಿನ ಪರೀಕ್ಷೆಗೆ ಇದು ಸಿಗುವಂತೆಯೇ ಇರಲಿಲ್ಲ.

ಪಂಪಿನ ಕಡೆಯ ಕ್ಲ್ಯಾಂಪ್ ಬಿಗಿಯಾಗಿಯೇ ಇತ್ತು, ಆದರೆ ಒಳಗಿನ ರಬ್ಬರು ಕಲ್ಲಿನಂತೆ ಗಡುಸಾಗಿ ನಳಿಕೆಯನ್ನು ಹಿಡಿಯುವುದನ್ನೇ ಬಿಟ್ಟಿತ್ತು. ಒಂದೂವರೆ ಅಡಿ ಹೊಸ ಹೋಸ್, ಎರಡು ಕ್ಲ್ಯಾಂಪ್. ಅರ್ಧ ಗಂಟೆಯ ಕೆಲಸ. ಮತ್ತೆ ಗಾಳಿ ತೆಗೆದಾಗ ಹತ್ತೇ ನಿಮಿಷದಲ್ಲಿ ಆಯಿಲ್ ದಾಳಿಂಬೆ ರಸದಂತೆ ತಿಳಿಯಾಯಿತು. ಆಯಿಲ್ ಕುಡಿದು ಜಾರುತ್ತಿದ್ದ ಬೆಲ್ಟನ್ನೂ ಬದಲಿಸಿದೆ. ಹೋಸುಗಳು, ವಾಷರ್‌ಗಳು, ಬೆಲ್ಟ್, ಆಯಿಲ್ ಎಲ್ಲ ಸೇರಿ ಖರ್ಚು 3,600 ರೂಪಾಯಿ.

ಅಂದಿನಿಂದ ಏಳು ತಿಂಗಳಾಗಿವೆ. ಮೊದಲ ತಿಂಗಳಲ್ಲಿ ಹೊಸ ರಬ್ಬರು ಕೂತ ಮೇಲೆ ಕ್ಲ್ಯಾಂಪುಗಳನ್ನು ಒಮ್ಮೆ ಅರ್ಧ ಸುತ್ತು ಬಿಗಿಸಬೇಕಾಯಿತು. ಘಾಟಿಯಿಂದ ಬಂದ ರಾತ್ರಿ ಈಗಲೂ ಗಾಡಿಯ ಕೆಳಗೆ ರಟ್ಟು ಹಾಸುತ್ತೇನೆ. ಬೆಳಿಗ್ಗೆ ಅದು ಒಣಗಿಯೇ ಇರುತ್ತದೆ.